ಹಳೇ ಸೆಡಾನು, ಗುಂಡ್ಲುಪೇಟೆ ರಸ್ತೆ

ಗುಂಡ್ಲುಪೇಟೆಯನ್ನು ನಮ್ಮಲ್ಲಿ ಬಹಳಷ್ಟು ಜನ ನೋಡಿರೋದು ಕಾರಿನ ಕಿಟಕಿಯಿಂದ. ಬೆಂಗಳೂರಿನಿಂದ ಬೆಳಗಿನ ಜಾವ ಹೊರಟು, ಮೈಸೂರು ದಾಟಿ, ನಂಜನಗೂಡು, ಬೇಗೂರು ಆಗಿ ಇಲ್ಲಿಗೆ ಬರೋ ಹೊತ್ತಿಗೆ ಹೊಟ್ಟೆ ಹಸಿದಿರುತ್ತೆ. ಎರಡು ಇಡ್ಲಿ, ಒಂದು ಕಾಫಿ, ಟ್ಯಾಂಕಿಗೆ ಪೆಟ್ರೋಲು. ಆಮೇಲೆ ನೇರ ಹೋದರೆ ಬಂಡೀಪುರ, ಊಟಿ. ಬಲಕ್ಕೆ ತಿರುಗಿದರೆ ವಯನಾಡು. ಮ್ಯಾಪಿನಲ್ಲಿ ಈ ಊರು ಒಂದು ಕವಲು, ಅಷ್ಟೇ.

ಆದರೆ ನಾವು ಊರನ್ನು ನೋಡದಿದ್ದರೂ ಊರು ನಮ್ಮ ಕಾರನ್ನು ನೋಡಿರುತ್ತೆ. ಹೆದ್ದಾರಿ ಪಕ್ಕದ ಗ್ಯಾರೇಜಿನ ಮುಂದೆ ಅರ್ಧ ದಿನ ಕೂತರೆ ಇದು ಗೊತ್ತಾಗುತ್ತೆ. ಭಾನುವಾರ ಮಧ್ಯಾಹ್ನ ಮೂರರ ಮೇಲೆ ಘಟ್ಟ ಇಳಿದು ಬರುವ ಗಾಡಿಗಳ ಸಾಲು ಶುರು. ಕೆಲವದರ ಚಕ್ರದಿಂದ ಸುಟ್ಟ ವಾಸನೆ. ಕೆಲವು ಹಂಪ್ ಹತ್ತಿದ ಕೂಡಲೇ ‘ಟಕ್ ಟಕ್’. ನಮ್ಮ ಮೇಸ್ತ್ರಿ ತಲೆ ಎತ್ತದೇ ಹೇಳ್ತಾರೆ, “ಅದು ಲಿಂಕ್ ರಾಡು ಸಾ. ಮೈಸೂರ್ ಗಂಟ ಒಯ್ತದೆ, ಆಮೇಲೆ ಗೊತ್ತಿಲ್ಲ.”

ನಮ್ಮ ಮೇಸ್ತ್ರಿ ಅಂದೆ. ಹೆಸರು ಬೇಡ ಅಂದಿದ್ದಾರೆ, ಫೋನ್ ಜಾಸ್ತಿ ಆಗುತ್ತಂತೆ.

ನಮ್ಮ ಮನೆ ಚಾಮರಾಜನಗರದಲ್ಲಿ. ಅಪ್ಪ ಸರ್ಕಾರಿ ಹೈಸ್ಕೂಲು ಮೇಷ್ಟ್ರಾಗಿದ್ದವರು, 2011ರಲ್ಲಿ ನಿವೃತ್ತಿ. ಆ ವರ್ಷವೇ ಬಂದ ದುಡ್ಡಿನಲ್ಲಿ ಒಂದು ಪಾಲು ತೆಗೆದು ಬೆಳ್ಳಿ ಬಣ್ಣದ ಪೆಟ್ರೋಲ್ ಸೆಡಾನ್ ತಗೊಂಡರು. ಕೆಎ-10 ನಂಬರಿನ ಮಧ್ಯಮ ಗಾತ್ರದ ಸೆಡಾನ್ ಅಂದ್ರೆ ಆಗ ನಮ್ಮ ಬೀದಿಯಲ್ಲಿ ದೊಡ್ಡ ಸುದ್ದಿ. ಈಗ ಓಡಿರೋದು 1,18,000 ಕಿಲೋಮೀಟರ್. ನಾನು ಬೆಂಗಳೂರಿನಲ್ಲಿ ಕೋಡ್ ಬರೆಯೋ ಕೆಲಸ ಮಾಡ್ತೀನಿ. ತಿಂಗಳಿಗೆ ಎರಡು ವಾರಾಂತ್ಯ ಊರಿಗೆ ಬರ್ತೀನಿ, ಆ ಎರಡೂ ವಾರಾಂತ್ಯ ಕಾರು ನನ್ನ ಕೈಯಲ್ಲಿರುತ್ತೆ. ಎರಡು ತಿಂಗಳಿಗೊಮ್ಮೆ ಅಪ್ಪನನ್ನು ಮೈಸೂರಿನ ಜಯದೇವಕ್ಕೆ ಕರ್ಕೊಂಡು ಹೋಗಬೇಕು. ಸ್ಟೆಂಟ್ ಹಾಕಿ ಎರಡು ವರ್ಷ ಆಯ್ತು. ತೆರಕಣಾಂಬಿ ಪಕ್ಕ ಸ್ವಲ್ಪ ಹೊಲ ಇದೆ, ಗುಂಡ್ಲುಪೇಟೆಯಲ್ಲಿ ಅತ್ತೆ ಇದ್ದಾರೆ. ಕಾರಿನ ಜೀವನ ಈ ತ್ರಿಕೋನದಲ್ಲೇ ನಡೆಯುತ್ತೆ.

ಕಾರಿನ ಕಂಪನಿ ಹೆಸರು ಹೇಳಲ್ಲ, ಹೇಳಿ ಪ್ರಯೋಜನವೂ ಇಲ್ಲ. 2008ರಿಂದ 2014ರ ನಡುವೆ ನಮ್ಮ ರಸ್ತೆಗೆ ಬಂದ ಸಿಟಿ, ವೆರ್ನಾ, ಎಸ್‌ಎಕ್ಸ್4, ಫಿಯೆಸ್ಟಾ, ಲೀನಿಯಾ, ವೆಂಟೊ ಇವೆಲ್ಲ ಈಗ ಒಂದೇ ವಯಸ್ಸಿನ ಅಣ್ಣತಮ್ಮಂದಿರು. ಮಂಡಿ ನೋವು, ಬಿಪಿ, ಶುಗರ್ ಎಲ್ಲರಿಗೂ ಬರುತ್ತೆ. ಯಾರಿಗೆ ಯಾವುದು ಮೊದಲು ಅನ್ನೋದಷ್ಟೇ ವ್ಯತ್ಯಾಸ.

ಮೊದಲು ರಸ್ತೆಯ ಮಾತು. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಸುಮಾರು 35 ಕಿಲೋಮೀಟರ್. ಆಗಸ್ಟ್ ಹೊತ್ತಿಗೆ ಬಂದರೆ ಎರಡೂ ಕಡೆ ಸೂರ್ಯಕಾಂತಿ, ಚೆಂಡುಹೂವು. ಓಣಂ ಹತ್ತಿರ ಬಂದಂತೆ ಕೇರಳದ ಕಡೆಗೆ ಹೂವು, ತರಕಾರಿ ಹೊತ್ತ ಗಾಡಿಗಳು ಓಡ್ತಾನೇ ಇರ್ತವೆ. ಗುಂಡ್ಲುಪೇಟೆ ಕಡೆ ಹೊಲದ ಬದುವಿನಲ್ಲಿ ಕಾರು ನಿಲ್ಲಿಸಿ ಫೋಟೋ ತೆಗೆಸಿಕೊಳ್ಳೋರ ಜಾತ್ರೆ. ಕೆಲವು ರೈತರು ಫೋಟೋಗೆ ಒಂದಷ್ಟು ದುಡ್ಡು ತಗೋತಾರೆ, ತಗೊಳ್ಳಲಿ ಬಿಡಿ. ತುಳಿದು ಹಾಳು ಮಾಡೋ ಹೂವಿನ ಲೆಕ್ಕ ಯಾರು ಕೊಡ್ತಾರೆ?

ಈ ರಸ್ತೆಯಲ್ಲಿ ಡಾಂಬರು ಪರವಾಗಿಲ್ಲ. ಸಮಸ್ಯೆ ಹಂಪುಗಳದ್ದು. ಊರಿಗೊಂದು, ಶಾಲೆಗೊಂದು, ದೇವಸ್ಥಾನಕ್ಕೊಂದು. ಬಣ್ಣ ಅಳಿಸಿಹೋದ ಹಂಪನ್ನು ಸಂಜೆ ಬೆಳಕಲ್ಲಿ ಹುಡುಕೋದೇ ಒಂದು ವಿದ್ಯೆ. ಚಾಮರಾಜನಗರದ ಕಡೆ ಕರಿಕಲ್ಲಿನ ಗಣಿಗಳಿವೆ. ದೊಡ್ಡ ದೊಡ್ಡ ಕಲ್ಲು ಹೊತ್ತ ಲಾರಿ ಓಡಾಡಿದ ಕಡೆ ಅಂಚು ಕುಸಿದಿರುತ್ತೆ. ಸೆಡಾನ್ ನೆಲಕ್ಕೆ ಹತ್ತಿರ, ಉದ್ದ ಬೇರೆ. ಹಿಂದೆ ಮೂರು ಜನ, ಡಿಕ್ಕಿಯಲ್ಲಿ ಅತ್ತೆ ಕೊಟ್ಟ ತೆಂಗಿನಕಾಯಿ ಮೂಟೆ ಇದ್ದರೆ ಹೊಟ್ಟೆ ಕೆರೆಯದೇ ಇರೋದೇ ಇಲ್ಲ.

ಹಾಗಾಗಿ ಈ ಭಾಗದ ಹಳೇ ಸೆಡಾನಿನಲ್ಲಿ ಮೊದಲು ಸೋಲೋದು ಎಂಜಿನ್ ಅಲ್ಲ, ಸಸ್ಪೆನ್ಷನ್. ಚಕ್ರವನ್ನು ಹಿಡಿದಿರೋ ಲೋವರ್ ಆರ್ಮ್ ಅನ್ನೋ ತೋಳಿನಲ್ಲಿ ರಬ್ಬರ್ ಬುಷ್‌ಗಳಿರ್ತವೆ. ಬಿಸಿಲು, ಧೂಳು, ಹಂಪು ಸೇರಿ ಅವು ಬಿರುಕು ಬಿಡ್ತವೆ. ಆಮೇಲೆ ಸ್ಟೇರಿಂಗ್ ಒಂದು ಕಡೆ ಎಳೆಯುತ್ತೆ, ಟೈರ್ ಒಳಗಡೆ ಮಾತ್ರ ಸವೆಯುತ್ತೆ. ಬರೀ ಶಬ್ದ ತಾನೇ ಅಂತ ಬಿಟ್ಟರೆ 1,800 ರೂಪಾಯಿಯ ಕೆಲಸ ಎರಡು ಟೈರು ತಿನ್ನುತ್ತೆ. ಈ ಸೈಜಿನ ಒಂದು ಟೈರು ಈಗ ಐದು ಸಾವಿರದ ಮೇಲೆ.

ಎರಡನೆಯದು ತಣಿಸೋ ವ್ಯವಸ್ಥೆ. ಇದನ್ನು ನಾನು ಪುಸ್ತಕ ಓದಿ ಕಲಿತಿದ್ದಲ್ಲ.

ಕಳೆದ ಮೇ ತಿಂಗಳು, ಮೈಸೂರಿನಿಂದ ಚೆಕಪ್ ಮುಗಿಸಿ ವಾಪಸ್ ಬರ್ತಿದ್ವಿ. ಸೋಮವಾರ. ನಂಜನಗೂಡಿನಲ್ಲಿ ನಂಜುಂಡೇಶ್ವರನ ದರ್ಶನಕ್ಕೆ ಬಂದವರ ಗಾಡಿಗಳು ತುಂಬಿ ರಸ್ತೆ ಆಮೆ ಥರ ಸಾಗ್ತಿತ್ತು. ಮೊದಲು ಎಸಿ ಬಿಸಿ ಗಾಳಿ ಊದೋಕೆ ಶುರು ಮಾಡ್ತು. ಎರಡು ನಿಮಿಷಕ್ಕೆ ಟೆಂಪರೇಚರ್ ಮುಳ್ಳು ಅರ್ಧ ದಾಟಿತು. ನನ್ನ ಹತ್ತಿರ ಓಬಿಡಿ ಪೋರ್ಟಿಗೆ ಹಾಕೋ ಸಣ್ಣ ಬ್ಲೂಟೂತ್ ಡಾಂಗಲ್ ಇದೆ. ಫೋನಿನಲ್ಲಿ ಕೂಲೆಂಟ್ 104 ಡಿಗ್ರಿ ತೋರಿಸ್ತಿತ್ತು, ಫ್ಯಾನ್ ಸದ್ದೇ ಇಲ್ಲ. ನಮ್ಮ ಗಾಡಿಯಲ್ಲಿ ಅದು 95ರ ಆಸುಪಾಸಲ್ಲೇ ತಿರುಗಬೇಕು.

ಎಸಿ ಆಫ್ ಮಾಡಿ, ನಾಲ್ಕೂ ಕಿಟಕಿ ಇಳಿಸಿ, ಹೀಟರ್ ಪೂರ್ತಿ ಜೋರಾಗಿ ಹಾಕಿದೆ. ಮೇ ತಿಂಗಳ ಮಧ್ಯಾಹ್ನ ಹೀಟರ್! ಎಂಜಿನ್ನಿನ ಬಿಸಿ ಸ್ವಲ್ಪ ಆ ದಾರಿಯಲ್ಲಾದರೂ ಹೊರಗೆ ಹೋಗಲಿ ಅಂತ. ಅಪ್ಪ ಟವೆಲ್ ತಗೊಂಡು ಬೆವರು ಒರೆಸ್ಕೊಂಡು, “ಚಳಿಗಾಲದಲ್ಲಿ ಹಾಕು ಅಂದ್ರೆ ಹಾಕಲ್ಲ, ಈಗ ಹಾಕಿದ್ದೀಯಲ್ಲೋ” ಅಂದರು. ಮುಳ್ಳು ನಿಂತಿತು, ಇಳೀಲಿಲ್ಲ. ಒಂದು ಹೊಂಗೆ ಮರದ ನೆರಳು ಸಿಕ್ಕಿದ ಕೂಡಲೇ ಪಕ್ಕಕ್ಕೆ ತೆಗೆದು ಎಂಜಿನ್ ಆಫ್ ಮಾಡಿದೆ. ನಲವತ್ತು ನಿಮಿಷ. ಅಮ್ಮ ಮಾತ್ರೆ ಡಬ್ಬಿ ಕೈಯಲ್ಲಿ ಹಿಡ್ಕೊಂಡೇ ಕೂತಿದ್ದರು. ಅಪ್ಪನಿಗೆ ಏನೂ ಆಗಲಿಲ್ಲ. ಆದರೆ ಆ ಡಬ್ಬಿ ಹಿಡಿದ ಕೈ ನೋಡಿದ ಮೇಲೆ, ಕಾರು ಇಟ್ಟುಕೊಳ್ಳಬೇಕಾ ಮಾರಬೇಕಾ ಅನ್ನೋ ಪ್ರಶ್ನೆ ಬರೀ ದುಡ್ಡಿನದ್ದಾಗಿ ಉಳಿಯಲಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಬಿಸಿಯಾದ ರೇಡಿಯೇಟರ್ ಮುಚ್ಚಳ ತೆಗೀಬೇಡಿ. ದಾರಿಯಲ್ಲಿ ಹೋಗೋರು ನಿಲ್ಲಿಸಿ “ಓಪನ್ ಮಾಡಿ, ನೀರು ಉಯ್ಯಿ” ಅಂತಾರೆ. ಒಳಗೆ ಒತ್ತಡ ಇರೋದರಿಂದ ನೂರು ಡಿಗ್ರಿ ದಾಟಿದರೂ ದ್ರವ ಕುದಿಯದೇ ಕೂತಿರುತ್ತೆ. ಮುಚ್ಚಳ ತೆಗೆದ ಕ್ಷಣ ಒತ್ತಡ ಹೋಗಿ ಅಷ್ಟೂ ಒಂದೇ ಸಲ ಕುದ್ದು ಮುಖಕ್ಕೆ ಹಾರುತ್ತೆ. ಇನ್ನು ಬರೀ ಬೋರ್‌ವೆಲ್ ನೀರು ತುಂಬಿಸೋ ಅಭ್ಯಾಸ ನಮ್ಮ ಕಡೆ ಜಾಸ್ತಿ. ಗಡಸು ನೀರಿನ ಉಪ್ಪು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕೂರುತ್ತೆ, ಪಾತ್ರೆಯಲ್ಲಿ ಬಿಳಿ ಕರೆ ಕಟ್ಟಿದ ಹಾಗೆ. ಊಟಿ 2,240 ಮೀಟರ್ ಎತ್ತರದಲ್ಲಿದೆ, ಅಲ್ಲಿ ತೆರೆದ ಪಾತ್ರೆಯ ನೀರು ಸುಮಾರು 92 ಡಿಗ್ರಿಗೇ ಕುದಿಯುತ್ತೆ. ಕೂಲೆಂಟ್ ಮತ್ತು ಆ ಮುಚ್ಚಳದ ರಬ್ಬರ್ ಸರಿ ಇಲ್ಲದ ಗಾಡಿಯನ್ನು ಘಟ್ಟ ಹತ್ತಿಸೋದು ಯಾಕೆ ಕಷ್ಟ ಅಂತ ಇದರಿಂದ ಅಂದಾಜು ಮಾಡ್ಕೊಳ್ಳಿ.

ಆ ದಿನ ಬಿಸಿಲು ಇಳಿದ ಮೇಲೆ ನಿಧಾನಕ್ಕೆ ಮನೆ ಸೇರಿದ್ವಿ. ವಾಹನ ಓಡ್ತಿದ್ದರೆ ಗಾಳಿ ತಾನಾಗೇ ರೇಡಿಯೇಟರಿಗೆ ಬಡಿಯುತ್ತೆ, ಫ್ಯಾನ್ ಬೇಕಾಗೋದು ನಿಂತಾಗ. ಖಾಲಿ ರಸ್ತೆಯಲ್ಲಿ 92 ದಾಟಲಿಲ್ಲ.

ವಾರದ ನಂತರ ಮೈಸೂರಿನ ಒಂದು ದೊಡ್ಡ ಸರ್ವಿಸ್ ಸೆಂಟರಿನಲ್ಲಿ ತೋರಿಸಿದೆ. ಎಸಿ ಲೌಂಜ್, ಫ್ರೀ ಕಾಫಿ, ಟ್ಯಾಬ್ ಹಿಡಿದ ಹುಡುಗ. ಎಸ್ಟಿಮೇಟ್ 86,400 ರೂಪಾಯಿ. ರೇಡಿಯೇಟರ್ ಮತ್ತು ಫ್ಯಾನ್ ಪೂರ್ತಿ ಸೆಟ್ 24,000, ಎರಡೂ ಲೋವರ್ ಆರ್ಮ್ 13,600, ಮುಂದಿನ ಶಾಕ್ ಅಬ್ಸಾರ್ಬರ್ ಮೌಂಟ್ ಸಮೇತ 19,800, ಮೂರು ಎಂಜಿನ್ ಮೌಂಟ್ 11,500, ಹಿಂದಿನ ಬ್ರೇಕ್ ಕೆಲಸ 5,500, ಕೂಲಿ 12,000. ಅದೇ ಹುಡುಗ ಪಿಸುಮಾತಿನಲ್ಲಿ, “ಸರ್, ಎಕ್ಸ್‌ಚೇಂಜ್ ಮಾಡಿದ್ರೆ ಎರಡು ಲಕ್ಷ ಕೊಡಿಸ್ತೀನಿ” ಅಂದ. ಎರಡು ಲಕ್ಷದ ಗಾಡಿಗೆ 86 ಸಾವಿರದ ರಿಪೇರಿ. ಭಾವ ಫೋನಿನಲ್ಲಿ ಹೇಳಿದ್ದು ಒಂದೇ ಮಾತು, “ಮಾರಿಬಿಡು.”

ಎಸ್ಟಿಮೇಟ್ ಹಾಳೆ ತಗೊಂಡು ಮುಂದಿನ ಶನಿವಾರ ಗುಂಡ್ಲುಪೇಟೆಗೆ ಹೋದೆ.

ಮೇಸ್ತ್ರಿ ಹಾಳೆ ನೋಡಲಿಲ್ಲ. ಕೀ ತಗೊಂಡು ಒಬ್ಬರೇ ಕೂತು ತೆರಕಣಾಂಬಿ ರಸ್ತೆಯಲ್ಲಿ ಎರಡು ಹಂಪ್ ಹತ್ತಿಸಿ ಬಂದರು. ಆಮೇಲೆ ಜಾಕ್ ಹಾಕಿ, ಉದ್ದದ ಕಬ್ಬಿಣದ ಸರಳಿನಿಂದ ಒಂದೊಂದೇ ಜಾಯಿಂಟ್ ಅಲ್ಲಾಡಿಸಿದರು. “ಆರ್ಮ್ ಚೆನ್ನಾಗದೆ ಸಾ, ಬುಷ್ ಓಗದೆ. ಬುಷ್ ಒಂದೇ ಒಡುದ್ರೆ ಆಯ್ತದೆ. ಶಾಕಬ್ಸರ್ ಆಯಿಲ್ ಬುಟ್ಟಿಲ್ಲ, ಯಾಕ್ ಚೇಂಜು? ಮೇಲಿನ ಮೌಂಟ್ ಮಾತ್ರ ಆಕ್ಸಿ.” ಹ ಅಕ್ಷರ ನಮ್ಮ ಕಡೆ ನಾಲಿಗೆಗೆ ಬರೋದು ಹಬ್ಬಕ್ಕೊಂದು ಸಲ, ಅದಕ್ಕೆ ‘ಹಳೇ ಗಾಡಿ’ ಇಲ್ಲಿ ‘ಅಳೇ ಗಾಡಿ’. ನಮ್ಮ ಕಾರಿಗೆ ಎರಡೂ ಒಪ್ಪುತ್ತೆ.

ಅವರ ಲೆಕ್ಕ ಸಿಗರೇಟು ಪ್ಯಾಕಿನ ಹಿಂದೆ ಬರೆದದ್ದು ನನ್ನ ಫೋನಲ್ಲಿ ಫೋಟೋ ಇದೆ. ಫ್ಯಾನ್ ಮೋಟಾರ್ 2,600. ರೇಡಿಯೇಟರಿನ ಮೇಲಿನ ಪ್ಲಾಸ್ಟಿಕ್ ಟ್ಯಾಂಕಿನಲ್ಲಿ ಕೂದಲೆಳೆ ಬಿರುಕು ಸಿಕ್ತು, ಅದಕ್ಕೆ ಬೇರೆ ಕಂಪನಿಯ ಹೊಸ ರೇಡಿಯೇಟರ್ 5,200. ಕೂಲೆಂಟ್, ಪೈಪು, ಮುಚ್ಚಳ 2,100. ಬುಷ್ ನಾಲ್ಕು 1,800. ಲಿಂಕ್ ರಾಡ್ ಜೊತೆ 1,500. ಶಾಕ್ ಮೌಂಟ್ 1,900. ಮೂರರಲ್ಲಿ ಕೆಟ್ಟಿದ್ದ ಒಂದು ಎಂಜಿನ್ ಮೌಂಟ್ 2,400. ಕೂಲಿ 4,500. ಒಟ್ಟು 22,000. ಹಿಂದಿನ ಬ್ರೇಕ್ ಶೂ ಇನ್ನೂ ಒಂದು ವರ್ಷ ಬರುತ್ತೆ ಅಂತ ತೆಗೆದು ತೋರಿಸಿ, ಧೂಳು ಊದಿ, ವಾಪಸ್ ಹಾಕಿದರು.

ಇಲ್ಲಿ ಸರ್ವಿಸ್ ಸೆಂಟರ್ ಮೋಸ, ಮೇಸ್ತ್ರಿ ದೇವರು ಅಂತ ಬರೆಯೋದು ಸುಲಭ. ಆದರೆ ವಿಷಯ ಹಾಗಿಲ್ಲ. ದೊಡ್ಡ ಕಡೆ ‘ಸೆಟ್’ ಬದಲಾಯಿಸ್ತಾರೆ, ಬಿಡಿ ಭಾಗ ಬಿಚ್ಚಿ ರಿಪೇರಿ ಮಾಡೋದಿಲ್ಲ. ಅಸಲಿ ಪಾರ್ಟ್ ಹಾಕ್ತಾರೆ, ಬಿಲ್ ಕೊಡ್ತಾರೆ, ಇಷ್ಟು ತಿಂಗಳು ಗ್ಯಾರಂಟಿ ಅಂತ ಬರೆದು ಕೊಡ್ತಾರೆ. ಮೇಸ್ತ್ರಿಯ ಗ್ಯಾರಂಟಿ ಅಂದ್ರೆ ಅವರ ಫೋನ್ ನಂಬರು. ನೀವು ಬೆಂಗಳೂರಿನಲ್ಲಿ ಕೂತು ವರ್ಷಕ್ಕೆರಡು ಸಲ ಊರಿಗೆ ಹೋಗೋರಾದರೆ, ಗುರುತಿನ ಮೇಸ್ತ್ರಿ ಇಲ್ಲದಿದ್ದರೆ, ದೊಡ್ಡ ಕಡೆಗೇ ಹೋಗಿ, ಆದರೆ ಪಟ್ಟಿಯ ಒಂದೊಂದು ಸಾಲಿಗೂ “ಇದು ಕೆಟ್ಟಿದೆ ಅಂತ ತೋರಿಸಿ” ಅಂತ ಕೇಳಿ. ಕೇಳಿದರೆ ಪಟ್ಟಿ ಸಣ್ಣದಾಗುತ್ತೆ. ಕೋಡ್ ರಿವ್ಯೂ ಮಾಡೋರಿಗೆ ಇದನ್ನು ಹೇಳಿಕೊಡಬೇಕಾ?

ಕೆಲವು ಕೆಲಸ ಮಾತ್ರ ರಸ್ತೆ ಬದಿಗೆ ಕೊಡಬಾರದು ಅನ್ನೋದು ನನ್ನ ಅಭಿಪ್ರಾಯ. ಎಬಿಎಸ್, ಏರ್‌ಬ್ಯಾಗ್ ದೀಪ ಹತ್ತಿದರೆ ಸರಿಯಾದ ಸ್ಕ್ಯಾನರ್ ಇರೋ ಕಡೆಗೇ ಹೋಗಬೇಕು. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಟಕಾಟಾ ಅನ್ನೋ ಜಪಾನಿನ ಕಂಪನಿಯ ಏರ್‌ಬ್ಯಾಗ್ ಇನ್‌ಫ್ಲೇಟರಿನಲ್ಲಿ ದೋಷ ಇತ್ತು. ಪ್ರಪಂಚದಾದ್ಯಂತ ಕೋಟಿಗಟ್ಟಲೆ ಕಾರುಗಳನ್ನು ವಾಪಸ್ ಕರೆಸಿ ಅದನ್ನು ಬದಲಾಯಿಸಿದರು. ನಮ್ಮ ದೇಶದಲ್ಲೂ ಆ ಕಾಲದ ಹಲವು ಕಾರುಗಳು ಆ ಪಟ್ಟಿಯಲ್ಲಿದ್ದವು. ಸೆಕೆಂಡ್ ಹ್ಯಾಂಡ್ ತಗೊಂಡಿದ್ದರಂತೂ, ಕಂಪನಿ ವೆಬ್‌ಸೈಟಿನಲ್ಲಿ ಚಾಸಿ ನಂಬರ್ ಹಾಕಿ ನೋಡಿ. ಬಾಕಿ ಇದ್ದರೆ ಪುಕ್ಕಟೆ ಬದಲಾಯಿಸಿ ಕೊಡ್ತಾರೆ.

ಪಾರ್ಟ್ಸ್ ಸಿಗೋದು ಇನ್ನೊಂದು ಕಥೆ. ಟ್ಯಾಕ್ಸಿಗೆ ಓಡೋ ಸಣ್ಣ ಕಾರುಗಳ ಬಿಡಿಭಾಗ ಗುಂಡ್ಲುಪೇಟೆಯಲ್ಲೇ ಸಿಗ್ತವೆ, ಇಲ್ಲಾ ಚಾಮರಾಜನಗರದಲ್ಲಿ. ಸೆಡಾನಿನದ್ದು ಮೈಸೂರಿನಿಂದ ಬರಬೇಕು. ಮೇಸ್ತ್ರಿ ಬೆಳಿಗ್ಗೆ ವಾಟ್ಸಾಪಿನಲ್ಲಿ ಫೋಟೋ ಕಳಿಸ್ತಾರೆ, ಮಧ್ಯಾಹ್ನದ ಬಸ್ಸಿನಲ್ಲಿ ಗೋಣಿ ಸುತ್ತಿದ ಪಾರ್ಸೆಲ್ ಬರುತ್ತೆ. ಮೈಸೂರಿನಲ್ಲೂ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರೋಡು, ಆಗ ನಾನೇ ಕೊರಿಯರ್ ಹುಡುಗ. ಅಂಗಡಿ ಮುಚ್ಚಿಕೊಂಡು ಹೋದ ಕಂಪನಿಗಳ ಗಾಡಿ ಇಟ್ಟವರ ಪಾಡು ಬೇರೆ. ಶೆವರ್ಲೆ 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರಲ್ಲಿ ಕಾರ್ಖಾನೆ ಮುಚ್ಚೋದಾಗಿ ಹೇಳಿತು. ಸರ್ವಿಸ್ ಕೊಡ್ತೀವಿ ಅಂತ ಹೇಳಿಯೇ ಹೋದರು, ಆದರೆ ಹೆಡ್‌ಲೈಟು, ಬಾಗಿಲ ಹ್ಯಾಂಡಲ್ ಥರದವನ್ನು ಹುಡುಕೋದು ಕಷ್ಟವೇ. ಫಿಯೆಟ್ ಲೀನಿಯಾ ಇದಕ್ಕೆ ಮಜವಾದ ಉದಾಹರಣೆ. ಅದರ 1.3 ಲೀಟರ್ ಡೀಸೆಲ್ ಎಂಜಿನ್ ಸ್ವಿಫ್ಟ್, ಡಿಜೈರ್, ಎಸ್‌ಎಕ್ಸ್4, ಇಂಡಿಕಾ ವಿಸ್ಟಾ ಎಲ್ಲದರಲ್ಲೂ ಇತ್ತು, ಹಾಗಾಗಿ ಎಂಜಿನ್ ಸಾಮಾನು ಹಳ್ಳಿಯಲ್ಲೂ ಸಿಗುತ್ತೆ. ಬಂಪರ್ ಮಾತ್ರ ಸಿಗಲ್ಲ.

ಬ್ರೇಕ್ ಬಗ್ಗೆ ಹೇಳದೆ ಗುಂಡ್ಲುಪೇಟೆ ಬಿಡೋಕಾಗಲ್ಲ, ಯಾಕಂದ್ರೆ ಈ ಊರಿನ ಭಾನುವಾರದ ದುಡಿಮೆಯೇ ಅದು. ಊಟಿಯಿಂದ ಇಳಿಯೋಕೆ ಗೂಡಲೂರಿನ ದಾರಿ ಇದೆ. ಮಸಿನಗುಡಿಯ ಕಡೆ ಇಳಿಯೋ ಕಲ್ಹಟ್ಟಿ ದಾರಿಯಲ್ಲಿ 36 ತಿರುವು, ಕಡಿದಾದ ಇಳಿಜಾರು. ಬ್ರೇಕ್ ಫೇಲಾಗಿ ಅಪಘಾತಗಳು ಆದ ಮೇಲೆ ಹೊರಗಿನ ಪ್ರವಾಸಿ ಗಾಡಿಗಳನ್ನು ಆ ದಾರಿಯಲ್ಲಿ ಇಳಿಯೋಕೆ ಬಿಡೋದಿಲ್ಲ. ಚಾಮರಾಜನಗರದ ಇನ್ನೊಂದು ಬಾಗಿಲು ದಿಂಬಂ ಘಟ್ಟ, ಸತ್ಯಮಂಗಲದ ಕಡೆಗೆ. ಅಲ್ಲಿ 27 ತಿರುವು.

ಇಳಿಯುವಾಗ ಬ್ರೇಕ್ ಮೇಲೆ ಕಾಲಿಟ್ಟೇ ಬಂದರೆ ಡಿಸ್ಕು ಕಾಯುತ್ತೆ, ಆ ಬಿಸಿ ಬ್ರೇಕ್ ಆಯಿಲ್ಲಿಗೆ ಹತ್ತುತ್ತೆ. ಈ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತೆ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯದೇ ನಿಲ್ಲಬೇಕು, ತೇವ ಹೀರಿದ ಮೇಲೆ ಅದೇ ಮಿತಿ 155ಕ್ಕೆ ಇಳಿಯುತ್ತೆ. ಕುದ್ದರೆ ಪೈಪಿನಲ್ಲಿ ಗುಳ್ಳೆ, ಗುಳ್ಳೆ ಬಂದರೆ ಪೆಡಲ್ ಸ್ಪಂಜಿನ ಥರ ಒಳಗೆ ಹೋಗುತ್ತೆ. ಮೇಸ್ತ್ರಿ ಇಷ್ಟೆಲ್ಲ ಹೇಳಲ್ಲ. “ಯಾವ್ ಗೇರಲ್ ಅತ್ತೀರೋ ಅದೇ ಗೇರಲ್ ಇಳೀರಿ” ಅಂತಾರೆ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಾಯಿಸೋಕೆ ಕೂಲಿ ಸೇರಿ ಸಾವಿರ ರೂಪಾಯಿ ಒಳಗೆ ಆಗುತ್ತೆ. ಹಳೇ ಕಾರಿನಲ್ಲಿ ಇಷ್ಟು ಅಗ್ಗಕ್ಕೆ ಇಷ್ಟು ನೆಮ್ಮದಿ ಕೊಡೋ ಬೇರೆ ಕೆಲಸ ನನಗೆ ಗೊತ್ತಿಲ್ಲ.

ಇದಕ್ಕೆ ಗಡಿಯಾರದ ಲೆಕ್ಕವೂ ಸೇರುತ್ತೆ. ಬಂಡೀಪುರದ ಕಾಡಿನೊಳಗೆ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ಬಂದ್. ದಿಂಬಂ ಕಡೆಯೂ 2022ರ ಫೆಬ್ರುವರಿಯಿಂದ ರಾತ್ರಿ ನಿರ್ಬಂಧ ಇದೆ. ಪ್ರಾಣಿಗಳಿಗೆ ಅದು ಬೇಕೇ ಬೇಕು, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಹಳೇ ಕಾರಿಟ್ಟವರು ಒಂಬತ್ತಕ್ಕೆ ಐದು ನಿಮಿಷ ಇರುವಾಗ ಗೇಟು ದಾಟೋ ಸಾಹಸ ಮಾಡಬಾರದು. ಕಾಡಿನೊಳಗೆ ಫೋನ್ ಸಿಗ್ನಲ್ ಬರುತ್ತೆ ಹೋಗುತ್ತೆ, ಕೆಳಗಿಳಿದು ಬಾನೆಟ್ ಎತ್ತೋಕೆ ಅದು ಜಾಗವಲ್ಲ. ಸಂಜೆ ಏಳರಿಂದ ಎಂಟೂವರೆ ತನಕ ಮೇಸ್ತ್ರಿಯ ಫೋನ್ ಬಡ್ಕೊಳ್ತಾನೇ ಇರುತ್ತೆ. ಕಾಡು ದಾಟಿ ಈ ಕಡೆ ಬರೋ ತನಕ ಏನು ಮಾಡಬೇಕು ಅಂತ ಕೇಳೋರೇ ಎಲ್ಲ.

ಗಾಡಿ ಗ್ಯಾರೇಜಿನಲ್ಲಿದ್ದ ಆ ಶನಿವಾರ ನನಗೆ ಆರು ಗಂಟೆ ಬಿಡುವು ಸಿಕ್ತು. ಅತ್ತೆ ಮಗನ ಬೈಕಿನಲ್ಲಿ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋದ್ವಿ. ಬೆಟ್ಟದ ಬುಡದಲ್ಲೇ ಗಾಡಿ ನಿಲ್ಲಿಸಬೇಕು, ಮೇಲಕ್ಕೆ ಕೆಎಸ್‌ಆರ್‌ಟಿಸಿ ಬಸ್ಸು ಮಾತ್ರ. 1,454 ಮೀಟರ್ ಎತ್ತರ, ಕಡಿದಾದ ತಿರುವು. ಪ್ರತಿ ತಿರುವಿನಲ್ಲಿ ಡ್ರೈವರ್ ಗೇರ್ ಇಳಿಸೋ ಸದ್ದನ್ನೇ ಕೇಳಿಸಿಕೊಂಡು ಕೂತಿದ್ದೆ. ವಾಪಸ್ ಇಳಿಯುವಾಗ ಬ್ರೇಕಿನ ವಾಸನೆ ಒಂದು ಚೂರೂ ಇಲ್ಲ. ಮೇಲೆ ದೇವಸ್ಥಾನದ ಹಿಂದೆ ಹುಲ್ಲುಗಾವಲು, ಮಂಜು, ಗಾಳಿ. ನೋಡದಿದ್ದರೆ ಒಮ್ಮೆ ಹೋಗಿ, ಬೆಳಿಗ್ಗೆ ಬೇಗ ಹೋಗಿ. ಬರ್ತಾ ತೆರಕಣಾಂಬಿ ದಾಟಿ ಹುಲುಗನಮುರಡಿ ಬೆಟ್ಟವನ್ನು ದೂರದಿಂದ ನೋಡಿ, ಹೊಲಕ್ಕೆ ಒಂದು ಸುತ್ತು ಹಾಕಿ, ಗುಂಡ್ಲುಪೇಟೆಗೆ ವಾಪಸ್. ಮೇಸ್ತ್ರಿ ಬುಷ್ ಪ್ರೆಸ್ ಮಾಡಿಸೋಕೆ ಪಕ್ಕದ ಲೇತ್ ಅಂಗಡಿಗೆ ಹೋಗಿದ್ದರು.

ಅವರ ಹತ್ತಿರ ಇದ್ದ ಹುಡುಗ ಆ ವಾರವೇ ಕೆಲಸ ಬಿಡ್ತಿದ್ದ. ಬೆಂಗಳೂರಿನಲ್ಲಿ ಡೆಲಿವರಿ ಕೆಲಸ, ಕೈ ಕೊಳೆ ಆಗಲ್ಲ. ಮೇಸ್ತ್ರಿಗೆ ಐವತ್ತೆಂಟು. ಮಗ ಡಿಪ್ಲೊಮಾ ಓದ್ತಿದ್ದಾನೆ, ಗ್ಯಾರೇಜಿಗೆ ಬರಲ್ಲ, ಬಾ ಅಂತ ಇವರೂ ಕರೆಯಲ್ಲ. ನನ್ನ ಡಾಂಗಲ್ ತೋರಿಸಿದೆ. ಒಂದು ಕ್ಷಣ ಸುಮ್ಮನಿದ್ದು, “ಇದು ಏನ್ ಬಿಸಿ ಆಗದೆ ಅಂತ ಏಳ್ತದೆ. ಯಾಕೆ ಅಂತ ಏಳ್ತದಾ?” ಅಂತ ಕೇಳಿದರು. ಇಲ್ಲ ಅಂದೆ. ಆದರೂ ಅದರ ಲಿಂಕ್ ಕಳಿಸಿ ಅಂದರು, ಕಳಿಸಿದೆ. ಈಗ ಅವರ ಹತ್ತಿರವೂ ಒಂದಿದೆ.

ಇನ್ನು ಇಟ್ಟುಕೊಳ್ಳೋದಾ, ಮಾರೋದಾ. ನಾನು ಸ್ಪ್ರೆಡ್‌ಶೀಟ್ ಮಾಡೋ ಜಾತಿಯವನು. ಕಳೆದ ಮೂರು ವರ್ಷ ಈ ಕಾರಿಗೆ ರಿಪೇರಿ ಮತ್ತು ಸರ್ವಿಸಿಗೆ ಖರ್ಚಾಗಿದ್ದು 41,000, 28,000, 37,000. ಒಟ್ಟು 1,06,000, ಅಂದ್ರೆ ತಿಂಗಳಿಗೆ 2,950 ರೂಪಾಯಿ ಆಸುಪಾಸು. ಅದೇ ಗಾತ್ರದ ಹೊಸ ಸೆಡಾನ್‌ಗೆ 12 ಲಕ್ಷ ಸಾಲ, ಶೇ. 9 ಬಡ್ಡಿ, ಐದು ವರ್ಷ ಅಂತ ಹಿಡಿದರೆ ತಿಂಗಳ ಕಂತೇ ಸುಮಾರು 24,900. ಮೂರು ವರ್ಷದ ರಿಪೇರಿ ನಾಲ್ಕೂಕಾಲು ಕಂತಿಗೆ ಸಮ. ದುಡ್ಡಿನ ಲೆಕ್ಕದಲ್ಲಿ ಹಳೇ ಕಾರು ಗೆಲ್ಲುತ್ತೆ.

ಆದರೆ ಲೆಕ್ಕದಲ್ಲಿ ಬರದ ಕೆಲವು ಖರ್ಚು ಬಾಗಿಲಲ್ಲೇ ನಿಂತಿವೆ. ಎಸಿ ಕಂಪ್ರೆಸರ್ ಹೋದರೆ ಹೊಸದಕ್ಕೆ ಇಪ್ಪತ್ತು ಸಾವಿರದ ಮೇಲೆ, ರೀಕಂಡಿಷನ್ ಆದರೆ ಅರ್ಧ. ಸ್ಟೇರಿಂಗ್ ರ್‍ಯಾಕ್ ಹಾಗೇ. ಟೈಮಿಂಗ್ ಬೆಲ್ಟ್ ಇರೋ ಗಾಡಿಯಾದರೆ ಅದನ್ನು ಮುಂದೂಡಲೇಬೇಡಿ. ಓಡುವಾಗ ಹರಿದರೆ ಹೆಚ್ಚಿನ ಎಂಜಿನ್‌ಗಳಲ್ಲಿ ವಾಲ್ವ್‌ಗೆ ಪಿಸ್ಟನ್ ಬಡಿದು ಕಥೆ ಮುಗಿಯುತ್ತೆ. ನಮ್ಮದರಲ್ಲಿ ಚೈನ್ ಇದೆ, ಆ ಭಯ ಕಮ್ಮಿ. ಡೀಸೆಲ್ ಇದ್ದವರಿಗೆ ಇಂಜೆಕ್ಟರ್, ಟರ್ಬೊ ಅಂತ ಬೇರೆಯೇ ಪಟ್ಟಿ. ಇದರ ಮೇಲೆ ಶೇ. 20 ಎಥನಾಲ್ ಬೆರೆತ ಪೆಟ್ರೋಲು. ಅದಕ್ಕೆ ತಕ್ಕ ರಬ್ಬರು, ಸೀಲು ಹಾಕಿದ ಕಾರುಗಳು ಬಂದದ್ದು 2023ರಿಂದ ಈಚೆಗೆ. ನಮ್ಮದರಲ್ಲಿ ಇಂಧನದ ರಬ್ಬರ್ ಪೈಪುಗಳನ್ನು ಪ್ರತಿ ಸರ್ವಿಸಿನಲ್ಲೂ ಬಗ್ಗಿಸಿ ನೋಡಿಸ್ತೀನಿ, ಪೆಟ್ರೋಲ್ ವಾಸನೆ ಬಂದರೆ ಅವತ್ತೇ ಬದಲಾವಣೆ.

ಆಮೇಲೆ ಆರ್‌ಸಿ. ಖಾಸಗಿ ಕಾರಿಗೆ 15 ವರ್ಷ, ಆಮೇಲೆ ಫಿಟ್‌ನೆಸ್ ಪರೀಕ್ಷೆ ಮಾಡಿಸಿ ಐದೈದು ವರ್ಷ ಮುಂದುವರಿಸಬೇಕು. ಈ ನವೀಕರಣದ ಶುಲ್ಕ ಮೊದಲು 600 ಇತ್ತು, 2022ರ ಏಪ್ರಿಲ್‌ನಿಂದ 5,000 ಮಾಡಿದರು. ಹೋಗುವ ಮುಂಚೆ ಆವತ್ತಿನ ದರ ನೋಡ್ಕೊಂಡು ಹೋಗಿ. ನಮ್ಮ ಗಾಡಿಯ ಸರದಿ 2026ರಲ್ಲಿ.

ಭಾವನ ವಾದ ಬೇರೆ. “ದುಡ್ಡಲ್ಲ ಕಣೋ, ಮಾವನ ಹಾರ್ಟು” ಅಂತಾರೆ. ಅದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಅರ್ಧ ಉತ್ತರ ಏನಂದ್ರೆ, ನಾವು ಎರಡು ಕಟ್ಟುಪಾಡು ಹಾಕಿಕೊಂಡಿದ್ದೀವಿ. ಆಸ್ಪತ್ರೆಗೆ ಹೋಗೋ ಮುಂಚಿನ ಶನಿವಾರ ಕಾರು ಮೇಸ್ತ್ರಿ ಮುಂದೆ ಹತ್ತು ನಿಮಿಷ ನಿಲ್ಲಬೇಕು. ತುರ್ತು ಅಂದರೆ ಈ ಕಾರು ತೆಗೆಯೋದೇ ಇಲ್ಲ, 108ಕ್ಕೆ ಫೋನು. ಅಮ್ಮ ಎರಡನೇದನ್ನು ಕ್ಯಾಲೆಂಡರಿನ ಮೇಲೆ ಬರೆದು ಅಂಟಿಸಿದ್ದಾರೆ. ಚಾಮರಾಜನಗರದ ಮೆಡಿಕಲ್ ಕಾಲೇಜು ಆಸ್ಪತ್ರೆ ಮನೆಗೆ ಹತ್ತಿರ ಇದೆ ಅನ್ನೋದೂ ಧೈರ್ಯ.

ಅಪ್ಪನನ್ನು ಕೇಳಿದರೆ ಮಾರೋ ಮಾತೇ ಇಲ್ಲ. ಸಂಜೆ ಚಾಮರಾಜೇಶ್ವರನ ಗುಡಿವರೆಗೆ ತಾವೇ ಓಡಿಸ್ಕೊಂಡು ಹೋಗ್ತಾರೆ, ಒಂದೂವರೆ ಕಿಲೋಮೀಟರ್, ಎರಡನೇ ಗೇರು ದಾಟಲ್ಲ. ಇಷ್ಟು ಚಿಕ್ಕ ಓಡಾಟ ಬ್ಯಾಟರಿಗೆ ಒಳ್ಳೇದಲ್ಲ ಅಂತ ಹೇಳಿದ್ದೀನಿ, ತಲೆ ಆಡಿಸ್ತಾರೆ. ಡಾಕ್ಟರು ಕೂಡ ಸಣ್ಣ ಪುಟ್ಟ ಓಡಿಸೋಕೆ ಅಡ್ಡಿಯಿಲ್ಲ ಅಂದಿದ್ದಾರೆ. ಸ್ಟೇರಿಂಗ್ ಹಿಡಿದಾಗ ಅವರು ರೋಗಿ ಥರ ಕಾಣೋದಿಲ್ಲ, ಇದನ್ನು ಸ್ಪ್ರೆಡ್‌ಶೀಟಿನ ಯಾವ ಕಾಲಮ್ಮಿಗೆ ಹಾಕಲಿ?

ಈಗಿನ ಸುದ್ದಿ ಕ್ಲಚ್. ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕೂಗುತ್ತೆ, ಗಾಡಿ ಓಡಲ್ಲ. 1,18,000ಕ್ಕೆ ಮೊದಲ ಕ್ಲಚ್, ಅಪ್ಪನ ಕಾಲಿಗೆ ಮೆಚ್ಚಬೇಕು. ಪ್ಲೇಟು, ಪ್ರೆಷರ್ ಪ್ಲೇಟು, ಬೇರಿಂಗ್ ಸೇರಿ ಕಿಟ್ 7,800, ಗೇರ್‌ಬಾಕ್ಸ್ ಇಳಿಸಿ ಏರಿಸೋ ಕೂಲಿ 3,500 ಅಂತ ಮಾತಾಗಿದೆ. ಕಿಟ್ಟು ಶುಕ್ರವಾರ ಮೈಸೂರಿನಿಂದ ಬಸ್ಸಿಗೆ ಹಾಕಿಸ್ತಾರಂತೆ. ಶನಿವಾರ ಬೆಳಿಗ್ಗೆ ಎಂಟಕ್ಕೆಲ್ಲ ಗಾಡಿ ತನ್ನಿ, ಭಾನುವಾರ ಊಟಿಯಿಂದ ಇಳಿಯೋರ ಗಲಾಟೆ ಶುರುವಾದ್ರೆ ಆಗಲ್ಲ ಅಂದಿದ್ದಾರೆ ಮೇಸ್ತ್ರಿ.